ಹೂಂಗುಟ್ಟುವವಳು

ಕಥೆ ಹೇಳುವುದು ನನಗೆ ಬಾರದು. ಹೂಂಗುಟ್ಟುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ. ಮೈಸೂರಿನಲ್ಲಿ ನಮ್ಮತ್ತೆ ಒಂದೇ ಕಥೆಯನ್ನು ವರ್ಷಗಟ್ಟಲೆ ಹೇಳಿದರು, ನಾನು ಅಕ್ಕಿ ಆರಿಸುತ್ತ ಹೂಂ ಅಂದೆ. ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು, ಅತ್ತೆಯ ಮುಖ ಊದಿಕೊಳ್ಳುತ್ತಿತ್ತು. ಈ ವಿದ್ಯೆ ಅಮೆರಿಕದ ಈ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ನನ್ನನ್ನು ಪೇಚಿಗೆ ಸಿಕ್ಕಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪಕ್ಕದ ಮನೆಯ ಎಸ್ತರಮ್ಮ ಯೆಹೂದಿ ಅಜ್ಜಿ, ತೊಂಬತ್ತು ದಾಟಿದವರು. ಕೋವಿಡ್ ಕಾಲದಲ್ಲಿ ಬೇಲಿಯ ಆಚೀಚೆ ಕುರ್ಚಿ ಹಾಕಿಕೊಂಡು ಬೆಳೆದ ಸ್ನೇಹ. ಆಗೆಲ್ಲ ಇಂಗ್ಲಿಷಿನಲ್ಲೇ ಮಾತು. ಮಂಡಿನೋವಿನ ಕಷ್ಟಸುಖ ಹೇಳಿಕೊಳ್ಳಲು ಅಷ್ಟು ಸಾಕು. ಆಮೇಲೆ ಅವರಿಗೆ ಮರೆವಿನ ಕಾಯಿಲೆ ಬಂತು. ಇಂಗ್ಲಿಷ್ ಮೊದಲು ಹೋಯಿತು, ಎಳವೆಯಲ್ಲಿ ಕಲಿತ ಮನೆಮಾತು ಯಿಡ್ಡಿಷ್ ಉಳಿಯಿತು. ನನಗೆ ಅದರಲ್ಲಿ ಒಂದಕ್ಷರ ತಿಳಿಯದು. ಆದರೂ ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ಅವರು ಹೇಳುವರು, ನಾನು ತಲೆಯಾಡಿಸಿ ಹೂಂ ಅನ್ನುವೆ. ದನಿ ತಗ್ಗಿದರೆ ಸಣ್ಣ ಹೂಂ, ನಕ್ಕರೆ ಉದ್ದನೆಯದು.

ಮೊನ್ನೆ ಸ್ಯಾನ್ ಡಿಯೇಗೋದಿಂದ ಅವರ ಮೊಮ್ಮಗಳು ಡಾನಾ ಬಂದಳು. ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನು ನೋಡಿದವಳು, "ಲಲಿತಾ ಆಂಟಿ, ನಮಗ್ಯಾರಿಗೂ ಬರದ ಯಿಡ್ಡಿಷ್ ನಿಮಗೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ" ಅಂದಳು. "ಅಜ್ಜಿ ತಮ್ಮ ಮನೆಯವರ ವಿಷಯ ನಮ್ಮ ಹತ್ತಿರ ಬಾಯೇ ಬಿಟ್ಟಿಲ್ಲ. ಯುದ್ಧದಲ್ಲಿ ಎಲ್ಲರೂ ಹೋದರು ಅಂತಷ್ಟೇ ಗೊತ್ತು. ಈಗ ಅಜ್ಜಿ ಅಂದರಲ್ಲ, ಈ ಫ್ರೇಡಲ್ ಯಾರು? ಫೋನ್ ಮಾಡಿದಾಗಲೂ ಅದೇ ಹೆಸರು ಹೇಳ್ತಾರೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಕಡೆ ಕಥೆ ಹೇಳುವವರ ಮುಂದೆ ಯಾರಾದರೂ ಹೂಂ ಅನ್ನಬೇಕು, ನಾನು ಮಾಡಿದ್ದು ಅಷ್ಟೇ ಎಂದು ನನ್ನ ಮೈಸೂರು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳ ಮುಖ ನೋಡಲಾಗಲಿಲ್ಲ. "ಒಂದು ಗೊತ್ತಮ್ಮ" ಅಂದೆ. "ಆ ಹೆಸರು ಬಂದಾಗ ಅವರ ಕೈ ಜಡೆ ಹೆಣೆಯುತ್ತೆ. ಚಿಕ್ಕ ಹುಡುಗಿಯ ಜಡೆ ಇರಬೇಕು, ಕೈ ಅಷ್ಟು ಕೆಳಗಿರುತ್ತೆ."

ಡಾನಾ ನೆಲದ ಮೇಲೆ ಕೂತು ಆ ಕೈಗಳಿಗೆ ತಲೆ ಕೊಟ್ಟಳು. ಎಸ್ತರಮ್ಮ ಅವಳ ಕೂದಲು ಹೆಣೆಯುತ್ತ ಹೇಳತೊಡಗಿದರು. ಕೇಳುವವರು ಇಬ್ಬರು, ತಿಳಿದವರು ಒಬ್ಬರೂ ಇಲ್ಲ. ಆ ಜಡೆಯನ್ನೇ ನೋಡುತ್ತ ನಾನು ಹೂಂ ಅನ್ನುವುದನ್ನೇ ಮರೆತೆ. ಎಸ್ತರಮ್ಮ ಮಾತು ನಿಲ್ಲಿಸಿ ನನ್ನತ್ತ ನೋಡಿದರು. ಆಗ ಡಾನಾಳೇ ಮೆಲ್ಲಗೆ ಹೂಂ ಅಂದಳು.

ಮನೆಗೆ ಬಂದವಳೇ ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ನಮ್ಮಮ್ಮನ ಕಥೆ ಶುರು ಮಾಡಿದೆ. ಅವಳು ಮಾತಾಡುವುದು ಇಂಗ್ಲಿಷೇ ಆದರೂ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂದು ಪಕ್ಕದೂರು ಕ್ಯಾಲಬಾಸಸ್‌ನ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇವೆ. ಬಲು ಸೊಗಸಾಗಿ ಹೂಂಗುಟ್ಟಿದಳು, ಎಲ್ಲೂ ತಪ್ಪಿಸಲಿಲ್ಲ. ನಾನೇನು ಹೇಳಿದೆ, ಹೇಳು ನೋಡೋಣ ಎಂದು ಕೇಳಬೇಕೆಂದುಕೊಂಡೆ. ಧೈರ್ಯ ಸಾಲದೆ ಕಥೆ ಮುಂದುವರಿಸಿದೆ.