ಮೂರು ಕಾರ್ಡಿನ ವರ

ವಯಸ್ಸಿಗೆ ಬಂದ ಗಂಡಸಿಗೆ ಕ್ರೆಡಿಟ್ ಕಾರ್ಡು ಎಷ್ಟಿರಬೇಕು? ದೊಡ್ಡ ದೊಡ್ಡವರೆಲ್ಲ ಇನ್ನೂ ತಲೆ ಕೆರೆದುಕೊಳ್ಳುತ್ತಿರುವ ಈ ಪ್ರಶ್ನೆಗೆ ಬಸವಕಲ್ಯಾಣದ ಶೈಲೇಶ ಇಪ್ಪತ್ತೈದು ತುಂಬುವುದರೊಳಗೇ ಉತ್ತರ ಕಂಡುಕೊಂಡಿದ್ದ. ಮೂರು! ಎರಡಾದರೆ ಬಡತನ, ನಾಲ್ಕಾದರೆ ಚಟ, ಮೂರೆಂದರೆ ಮರ್ಯಾದಸ್ಥರ ಲೆಕ್ಕ. ಒಂದು ಪೆಟ್ರೋಲಿಗೆ, ಒಂದು ಹಬ್ಬದ ಸೇಲಿಗೆ, ಮತ್ತೊಂದು ಇಜ್ಜತ್ತಿಗೆ. ಅಂದ ಹಾಗೆ ಅವನ ಬಳಿ ಗಾಡಿ ಇರಲಿಲ್ಲ. ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಗುಳಿಗೆಗಳ ತೂಕ, ಬಣ್ಣ ಪರೀಕ್ಷಿಸುವ ತನ್ನ ನೌಕರಿಗೆ ದಿನಾ ಬಸ್ಸಿನಲ್ಲೇ ನೇತಾಡಿಕೊಂಡು ಹೋಗುತ್ತಿದ್ದ. ಆದರೂ ಗಾಡಿ ಬಂದ ದಿನ ಕಾರ್ಡು ಹುಡುಕುತ್ತ ಕೂಡಬಾರದಲ್ಲ, ಅದಕ್ಕೇ ಈ ಮುಂದಾಲೋಚನೆ.

ಪಕ್ಕದ ಮೇಜಿನ ಒವೈಸ್ ಮಾತ್ರ ಈ ಸಿದ್ಧಾಂತವನ್ನು ಒಪ್ಪಲಿಲ್ಲ. ಕಾರ್ಡು ಅಂದರೆ ಚೆಂದದ ಉಡುಪು ಹಾಕಿಕೊಂಡ ಉದ್ರಿ, ಉದ್ರಿಯನ್ನು ಯಾರಾದರೂ ಪಾಕೀಟಿನಲ್ಲಿ ಮೆರವಣಿಗೆ ಮಾಡಿಸುತ್ತಾರೇನು ಎಂದು ಊಟದ ಡಬ್ಬಿ ಬಿಚ್ಚುವಾಗಲೆಲ್ಲ ಕೇಳುತ್ತಿದ್ದ. ಶೈಲೇಶ ನಕ್ಕು ತನ್ನ ಡಬ್ಬಿ ಬಿಚ್ಚುತ್ತಿದ್ದ. ಜ್ಞಾನಿಗಳಿಗೆ ಇಂಥ ಮಾತು ತಾಗುವುದಿಲ್ಲ.

ಮನೆಯಲ್ಲಿ ತಾಯಿ ದ್ರೌಪತಿಗೆ ಮಗನ ಕಾರ್ಡುಗಳ ಮೇಲೆ ಅಪಾರ ಗೌರವ. ಗಂಡ ತೀರಿಕೊಂಡ ಮೇಲೆ ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಗನನ್ನು ಓದಿಸಿದ ಹೆಂಗಸು ಆಕೆ. ರೇಷನ್ ಕಾರ್ಡು, ಲೇಬರ್ ಕಾರ್ಡು, ದವಾಖಾನೆ ಕಾರ್ಡು ಒಂದೊಂದಕ್ಕೂ ಬಿಸಿಲಲ್ಲಿ ನಿಂತು, ಸಾಹೇಬರ ಸಿಡುಕು ಸಹಿಸಿ, ಗೆದ್ದು ತಂದವಳು. ಕಾರ್ಡು ಅಂದರೆ ಹಕ್ಕು, ಕಾರ್ಡು ಅಂದರೆ ಅಕ್ಕಿ, ಕಾರ್ಡು ಅಂದರೆ ಪುಕ್ಕಟೆ ಔಷಧಿ. ಮಗನಿಗೋ ಸಾಲಿನಲ್ಲಿ ನಿಲ್ಲದೆ, ಫೋಟೋ ಸಹ ತೆಗೆಸದೆ, ಮನೆ ಬಾಗಿಲಿಗೇ ಕಾರ್ಡು ಬಂದಿತ್ತು!

"ಇದರ ಮ್ಯಾಲ ಏನೇನ್ ಕೊಡ್ತಾರೋ?" ಎಂದು ಆಕೆ ಕೇಳಿದ್ದಳು.

"ಏನ್ ಬೇಕೋ ಅದನ್ನೆಲ್ಲಾ ಕೊಡ್ತಾರವ್ವ," ಎಂದಿದ್ದ ಶೈಲೇಶ.

ಈ ವಾಕ್ಯಕ್ಕೆ ಇನ್ನೊಂದು ಅರ್ಧ ಇತ್ತು. ಆಮೇಲೆ ಅದನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ ಎಂಬುದು ಆ ಅರ್ಧ. ತಾಯಿಯ ಕಣ್ಣಿನ ಹೊಳಪು ನೋಡಿ ಅವನಿಗೆ ಅದು ಬಾಯಿಗೆ ಬರಲಿಲ್ಲ. ಅಂದಿನಿಂದ ಮನೆಗೆ ಫ್ರಿಜ್ಜು ಬಂತು, ಫ್ಯಾನು ಬಂತು, ಕೈ ಇಟ್ಟುಕೊಂಡು ಕೂಡುವಂಥ ಕುರ್ಚಿಗಳು ಬಂದವು. ಈ ತಿಂಗಳು ಕಾರ್ಡಿನಲ್ಲಿ ಇನ್ನೇನಾದರೂ ಉಳಿದಿದ್ದರೆ ಪಕ್ಕದ ಮನೆಯ ಗಯಾಬಾಯಿಗೂ ಒಂದು ಮಿಕ್ಸರ್ ಕೊಡಿಸು, ಪಾಪ ರುಬ್ಬಿ ರುಬ್ಬಿ ಕೈ ಸೋತಿವೆ ಎಂದಳು ದ್ರೌಪತಿ. ರೇಷನ್ ಅಕ್ಕಿ ಉಳಿದಾಗ ಓಣಿಗೆ ಹಂಚಿದ ಕೈ ಅದು. ಶೈಲೇಶ ಇಜ್ಜತ್ತಿನ ಕಾರ್ಡನ್ನೂ ಉಜ್ಜಿದ. ಉಪಕಾರ ಮರೆಯದ ಗಯಾಬಾಯಿ ಆಗಾಗ ಕೋಳಿ ತತ್ತಿ ಕಳಿಸುತ್ತಿದ್ದಳು. ಶೈಲೇಶ ಆಮ್ಲೆಟ್ ತಿಂದು ಕಂತು ಕಟ್ಟುತ್ತಿದ್ದ.

ಹೀಗಿರುವಾಗ ಹುಮನಾಬಾದಿನ ಬುದ್ಧ ವಿಹಾರದಲ್ಲಿ ಅವನು ವಿಶಾಖಾಳನ್ನು ಕಂಡ. ಕಾಳುಕಡಿ ದಲಾಲಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ. ತಂದೆ ಸಂಘರತ್ನ ನಿವೃತ್ತ ಬಸ್ ಕಂಡಕ್ಟರು. ವಂದನೆಗೆಂದು ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ ಶೈಲೇಶ ಕಣ್ಣು ತೆರೆದೇ ಕೂತಿದ್ದ. ಆಕೆಯೂ ಒಮ್ಮೆ ತೆರೆದಳು. ಹಿರಿಯರು ಮಾತಾಡಿದರು, ಎಲ್ಲ ಕೂಡಿ ಬಂತು. ಬರುವ ರವಿವಾರ ಮನೆ ನೋಡಲು ಬರುತ್ತೇವೆ, ನಮ್ಮ ಹುಡುಗಿಗೆ ನಿಮ್ಮ ಹುಡುಗನ ಕೂಡ ಎರಡು ಮಾತು ಆಡುವುದಿದೆ, ಕಡೆಯ ಮಾತು ಆಕೆಯದೇ ಎಂದು ಸಂಘರತ್ನ ಹೇಳಿ ಕಳಿಸಿದರು. ಶೈಲೇಶನಿಗೆ ಅನ್ನ ಸೇರದಾಯಿತು. ಅವನಿಗೆ ಆಕೆಯೇ ಬೇಕಾಗಿತ್ತು, ಬೇರೆ ಯಾರೂ ಬೇಡವಾಗಿತ್ತು.

ಶನಿವಾರ ಒವೈಸ್ ಸುದ್ದಿ ತಂದ. ಅವನ ಮನೆಯೂ ವಿಶಾಖಾಳ ಮನೆಯೂ ಒಂದೇ ಓಣಿಯಲ್ಲಿದ್ದವು.

"ಭಾಯಿ, ಹೋದ ವರ್ಷ ಒಬ್ಬ ಹುಡುಗನ್ನ ಆಕಿ ಯಾಕ ಬ್ಯಾಡ ಅಂದ್ಳು ಗೊತ್ತದೇನು? ಅಂವ ಒಂದು ಕಾರ್ಡಿನ ಸಾಲಾ ಇನ್ನೊಂದು ಕಾರ್ಡಿಂದ ತೀರಸ್ತಿದ್ದ. ನಿನಗ ಭೀ ಅದನ್ನ ಕೇಳ್ತಾಳ ನೋಡು."

ಶೈಲೇಶನ ಸಿದ್ಧಾಂತ ಅಲ್ಲೇ ಕುಸಿಯಿತು. ಯೌವನಸ್ಥನಿಗೆ ಇರಬೇಕಾದದ್ದು ಒಂದೇ ಕಾರ್ಡು! ಇದು ತನಗೆ ಮೊದಲೇ ಗೊತ್ತಿತ್ತು ಎಂದೂ ಅವನಿಗೆ ಅನ್ನಿಸಿತು. ಸಂಜೆ ಮನೆಗೆ ಬಂದವನೇ ಎರಡು ಕಾರ್ಡುಗಳನ್ನು ಅಲಮಾರಿಯಲ್ಲಿ ಹಾಸಿದ ಪೇಪರಿನ ಕೆಳಗೆ ತುರುಕಿ, ಒಂದನ್ನು ಪಾಕೀಟಿನಲ್ಲಿ ಉಳಿಸಿಕೊಂಡ. ತಾಯಿಗೆ ಹೇಳಿದರೆ ವಾಕ್ಯದ ಇನ್ನರ್ಧವನ್ನೂ ಹೇಳಬೇಕಾಗುತ್ತದೆ. ಹಾಗಾಗಿ ಹೇಳಲಿಲ್ಲ.

ತಾನೊಂದು ಬಗೆದರೆ ಅವ್ವ ಒಂದು ಬಗೆದಳು. ರವಿವಾರ ಬೆಳಿಗ್ಗೆ ಶೈಲೇಶ ಪಾಕೀಟು ಮನೆಯಲ್ಲೇ ಬಿಟ್ಟು ಕಟಿಂಗ್ ಮಾಡಿಸಿಕೊಳ್ಳಲು ಹೋದ. ಬೀಗರು ಬರುತ್ತಾರೆಂದು ಅಲಮಾರಿ ಒರೆಸಲು ಹೋದ ದ್ರೌಪತಿಗೆ ಪೇಪರಿನ ಕೆಳಗೆ ಎರಡು ಕಾರ್ಡು ಸಿಕ್ಕವು. ಆಕೆಯ ಎದೆ ಧಸಕ್ಕೆಂದಿತು. ಇಂಥ ಬೆಲೆಬಾಳುವ ಕಾರ್ಡುಗಳು, ಲ್ಯಾಮಿನೇಷನ್ ಇಲ್ಲದೆ! ಮಳೆಗಾಲ ಬೇರೆ. ಆಕೆಯ ರೇಷನ್ ಕಾರ್ಡು ಇಷ್ಟು ವರ್ಷವಾದರೂ ಹೊಸದರಂತೆ ಇರುವುದು ಲ್ಯಾಮಿನೇಷನ್ ದೆಸೆಯಿಂದಲೇ. ಪಾಕೀಟಿನಲ್ಲಿದ್ದ ಮೂರನೆಯದನ್ನೂ ಎತ್ತಿಕೊಂಡು ಝೆರಾಕ್ಸ್ ಅಂಗಡಿಗೆ ಓಡಿದಳು. ದಪ್ಪ ಪ್ಲಾಸ್ಟಿಕ್ಕನ್ನೇ ಹಾಕು ಎಂದು ನಿಂತು ಮಾಡಿಸಿದಳು. ಮೇಲೊಂದು ತೂತು ಹೊಡೆಸಿ, ಮೂರನ್ನೂ ನೀಲಿ ದಾರದಲ್ಲಿ ಪೋಣಿಸಿ ತಂದಳು. ಅಡುಗೆಯ ಗಡಿಬಿಡಿಯಲ್ಲಿ ಮಗನಿಗೆ ಹೇಳುವುದು ಮರೆತೇ ಹೋಯಿತು.

ಮಧ್ಯಾಹ್ನ ಸಂಘರತ್ನ ಮತ್ತು ವಿಶಾಖಾ ಬಂದರು. ಮಂಡಕ್ಕಿಯ ಸುಸಲಾ ತಿಂದದ್ದಾಯಿತು, ಮಳೆಯ ಮಾತಾಯಿತು, ಬಸ್ಸಿನ ಗದ್ದಲದ ಮಾತಾಯಿತು. ಚಹಾ ಬಂದ ಮೇಲೆ ವಿಶಾಖಾ ಸೆರಗು ಸರಿಮಾಡಿಕೊಂಡು ನೇರವಾಗಿ ಶೈಲೇಶನತ್ತ ನೋಡಿದಳು.

"ನಿಮ್ಮ ಕಡೆ ಕ್ರೆಡಿಟ್ ಕಾರ್ಡ್ ಎಷ್ಟ್ ಅದಾವ್ರಿ?"

"ಒಂದ ಅದರಿ," ಎಂದ ಶೈಲೇಶ.

ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕುತ್ತಿದ್ದ. ಆದರೆ ನಾಲಿಗೆ ಜಾರಿದ ಮೇಲೆ ನಿಲ್ಲುತ್ತದೆಯೇ? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬುದು ತನ್ನ ತತ್ವ ಎಂದ. ಮೂರು ಮೂರು ಕಾರ್ಡು ಇಟ್ಟುಕೊಂಡು ತಿರುಗುವ ಈಗಿನ ಹುಡುಗರನ್ನು ಕಂಡರೆ ತನಗೆ ಮರುಕ ಬರುತ್ತದೆ ಎಂದ. ಆ ಒಂದು ಕಾರ್ಡನ್ನೂ ತಾನು ಬಳಸುವುದು ಅಪರೂಪ ಎಂದ. ಸಂಘರತ್ನ ಮೆಚ್ಚಿ ತಲೆದೂಗಿದರು. ವಿಶಾಖಾಳ ತುಟಿಯಂಚಿನಲ್ಲಿ ನಗು ಕಂಡಂತಾಗಿ ಶೈಲೇಶ ಕುರ್ಚಿಯಿಂದ ಒಂದು ಗೇಣು ಮೇಲೆದ್ದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ದ್ರೌಪತಿಗೆ ತಡೆಯಲಾಗಲಿಲ್ಲ. ವಿನಯಕ್ಕೂ ಒಂದು ಮಿತಿ ಬೇಡವೇ? ಹೆಣ್ಣಿನ ಕಡೆಯವರ ಮುಂದೆ ಇದ್ದದ್ದನ್ನು ಇಲ್ಲ ಅನ್ನುವ ಮಗ ಎಲ್ಲಿಯಾದರೂ ಉದ್ಧಾರ ಆದಾನೇ? ಒಳಗೆ ಹೋದವಳು ನೀಲಿ ದಾರ ಹಿಡಿದುಕೊಂಡೇ ಹೊರಗೆ ಬಂದಳು. ತುದಿಯಲ್ಲಿ ಮೂರು ಕಾರ್ಡುಗಳು ಪಳಪಳ ಹೊಳೆಯುತ್ತ ತೂಗಾಡುತ್ತಿದ್ದವು.

"ಅಂವಗ ನಾಚಿಕಿ ಭಾಳರಿ ಅಣ್ಣಾರ. ಒಂದಲ್ರಿ, ಮೂರದಾವ."

ಶೈಲೇಶನಿಗೆ ಚಹಾ ನೆತ್ತಿಗೇರಿತು. ಕಾರ್ಡುಗಳು ಹೊರಬಿದ್ದದ್ದು ಒಂದು ಆಘಾತ, ಅವು ಲ್ಯಾಮಿನೇಷನ್ ಆಗಿ ಬಂದದ್ದು ಇನ್ನೊಂದು. ಅಷ್ಟು ದಪ್ಪದ ವಸ್ತುವನ್ನು ಯಾವ ಯಂತ್ರವೂ ಇನ್ನು ನುಂಗಲಾರದು. ದ್ರೌಪತಿ ಮಾತ್ರ ನಿಲ್ಲಲಿಲ್ಲ. ಈ ಕೆಂಪು ಕಾರ್ಡಿನ ಮೇಲೆ ಫ್ರಿಜ್ಜು ಬಂತು, ಈ ನೀಲಿಯ ಮೇಲೆ ಫ್ಯಾನು, ನೀವು ಕೂತ ಕುರ್ಚಿಗಳೂ ಇದರವೇ, ಪಕ್ಕದ ಮನೆಯ ಮಿಕ್ಸರೂ ನಮ್ಮದೇ ಕಾರ್ಡಿನದು ಎಂದು ಒಂದೊಂದನ್ನೇ ತೋರಿಸುತ್ತ ಹೋದಳು. ಸಂಘರತ್ನ ಮೆಲ್ಲಗೆ ಕುರ್ಚಿಯ ತುದಿಗೆ ಸರಿದು, ಮೈಭಾರವನ್ನೆಲ್ಲ ತಮ್ಮ ಕಾಲಿನ ಮೇಲೆ ಹಾಕಿಕೊಂಡರು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಕಂಡುಹಿಡಿದು ಜೀವನ ತೆಗೆದವರು ಅವರು. ಈಗ ಶೈಲೇಶನನ್ನು ಅದೇ ಕಣ್ಣಿನಿಂದ ನೋಡಿದರು.

ಉಳಿದ ಎರಡು ಬಂದ್ ಆಗಿವೆ ಎನ್ನಲೇ ಎಂದು ಶೈಲೇಶ ಒಂದು ಗಳಿಗೆ ಯೋಚಿಸಿದ. ಆದರೆ ವಿಶಾಖಾ ಏನೂ ಕೇಳದೆ ಕಾಯುತ್ತಿದ್ದಳು. ಆ ಮುಖದ ಮುಂದೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ನಾಚಿಕೆಯಾಯಿತು. ಮೂರೂ ತನ್ನವೇ, ಮೂರರ ಕಂತೂ ಬಾಕಿ ಇದೆ, ನೀವು ಬೇಡ ಅಂದೀರಿ ಎಂಬ ಹೆದರಿಕೆಗೆ ಸುಳ್ಳು ಹೇಳಿದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡ.

ದ್ರೌಪತಿಯ ಕೈಯಲ್ಲಿ ದಾರ ನಿಂತುಬಿಟ್ಟಿತು.

"ಬಾಕಿ ಅಂದ್ರ? ಇದು ಸರ್ಕಾರದ್ದಲ್ಲೇನು? ತಿರಗಿ ಕೊಡಬೇಕೇನೋ?"

"ಹೌದವ್ವ."

"ಗಯಾಬಾಯಿ ಮಿಕ್ಸರಿಂದೂ?"

"ಅದೂ."

"ಮತ್ತ ಆ ತತ್ತಿ ಎಲ್ಲಾ ನೀ ಒಬ್ಬನ ತಿಂದಿಯಲ್ಲೋ!"

ಹೇಳಿದವಳೇ ಒಳಗಿನಿಂದ ಕತ್ತರಿ ತಂದು ಕಾರ್ಡುಗಳ ಮೇಲೆ ಬಿದ್ದಳು. ಕತ್ತರಿ ಜಾರಿತು. ಹಲ್ಲು ಕಚ್ಚಿ ಒತ್ತಿದಳು. ಮತ್ತೆ ಜಾರಿತು. ನಿಂತು ಹಾಕಿಸಿದ ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಆಕೆಯ ಕಣ್ಣಲ್ಲಿ ನೀರು ಬಂತು. ತನ್ನ ಮನೆಗೆ ಸಾಲ ಹೊಕ್ಕಿದ್ದನ್ನು ತಾನೇ ಓಣಿ ತುಂಬ ಮೆರೆಸಿದೆನಲ್ಲ ಎಂಬ ಸಂಕಟ ಅದು. ಮಗನಿಗೆ ಅದನ್ನು ನೋಡಲಾಗಲಿಲ್ಲ.

ಸಂಘರತ್ನ ಎದ್ದು ನಿಂತು ಟೋಪಿ ಹಾಕಿಕೊಂಡರು. ಎಲ್ಲ ಮುಗಿಯಿತು ಎಂದುಕೊಂಡ ಶೈಲೇಶ.

"ಅಪ್ಪಾ, ಕುಂದರ್ರಿ," ಎಂದಳು ವಿಶಾಖಾ. "ಇವರು ಸುಳ್ಳ ಹೇಳಿದ್ದು ಖರೆ. ಆದ್ರ ಆ ಸುಳ್ಳ ಚಹಾ ಆರೂತನಾ ಭೀ ಉಳೀಲಿಲ್ಲ. ಸುಳ್ಳ ಇಷ್ಟ್ ಲಗೂ ಸಾಯೂ ಮನಿ ನನಗ ಮತ್ತೆಲ್ಲಿ ಸಿಗ್ತದ್ರಿ?"

ಆಮೇಲೆ ದ್ರೌಪತಿಯ ಕೈ ಹಿಡಿದು ಹೇಳಿದಳು: "ಅತ್ತಿ, ಆ ಕತ್ರಿ ಒಳಗಿಡ್ರಿ. ಕಾರ್ಡ್ ಕತ್ತರಿಸಿದ್ರ ಸಾಲ ಕತ್ತರಿಸೂದಿಲ್ಲ."

ಅಲ್ಲಿಯ ತನಕ ಆಕೆ ದ್ರೌಪತಿಯನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಈಗ ಅತ್ತಿ ಎಂದದ್ದು ಶೈಲೇಶನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನಿಗೆ ಕುಣಿಯಬೇಕು ಅನ್ನಿಸಿತು. ಆದರೆ ಕುಣಿಯುವ ಪರಿಸ್ಥಿತಿ ಅಲ್ಲಿರಲಿಲ್ಲ, ವಿಶಾಖಾ ಆಗಲೇ ಕರಾರು ಹೇಳತೊಡಗಿದ್ದಳು. ಮೂರರ ಬಾಕಿಯೂ ತೀರಬೇಕು, ಮೂರೂ ಬಂದ್ ಆಗಬೇಕು, ಅಲ್ಲಿಯ ತನಕ ಮದುವೆಯ ದಿನ ಗೊತ್ತು ಮಾಡುವುದಿಲ್ಲ. ಶೈಲೇಶ ಎಲ್ಲಕ್ಕೂ ಹೂಂ ಎಂದ. ಕಡೆಗೆ ಗಂಡಸಿನ ಮಾನ ಒಂದಿಷ್ಟಾದರೂ ಉಳಿಯಲಿ ಎಂದು ಗಂಟಲು ಸರಿಮಾಡಿಕೊಂಡು ಕೇಳಿದ.

"ಲಗ್ನ ಆದ ಮ್ಯಾಲ ನನಗ ಎಷ್ಟ್ ಕಾರ್ಡ್ ಇರ್ತಾವ್ರಿ?"

"ಒಂದ. ಅದೂ ನನ್ನ ಕಾರ್ಡಿಗೆ ಜೋಡಿಸಿದ್ದು. ನೀವು ಬಳಸ್ರಿ, ಮೆಸೇಜ್ ನನಗ ಬರ್ತದ."

ದ್ರೌಪತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಾಗಿದಳು. "ಯವ್ವಾ, ಆ ಮೆಸೇಜ್ ನನಗೂ ಬರೂಹಂಗ ಮಾಡ್ತೀಯೇನು?"

ಅದೇನು ದೊಡ್ಡ ಮಾತಲ್ಲ ಎಂದಳು ವಿಶಾಖಾ. ಅತ್ತೆ ಸೊಸೆ ಇಬ್ಬರೂ ಆಗಲೇ ಫೋನು ತೆಗೆದು ತಲೆಗೆ ತಲೆ ಹಚ್ಚಿ ಕೂತರು. ಶೈಲೇಶ ದಿಕ್ಕುಗಾಣದೆ ಸಂಘರತ್ನರ ಮುಖ ನೋಡಿದ. ಇಷ್ಟು ಹೊತ್ತು ಗಂಟು ಮುಖ ಹಾಕಿಕೊಂಡಿದ್ದ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗಳಿಗೆ ಕೇಳಿಸದಂತೆ ಅವನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು.

"ನನ್ನ ಪಿಂಚಣಿ ಕಾರ್ಡಿಂದು ಮೆಸೇಜ್ ಭೀ ಆಕಿಗೇ ಬರ್ತದ, ಅಳಿಯಾ. ರೂಢಿ ಆಗ್ತದ."