ಕಾಡು ಬಾ ಅಂತೈತೆ

ಹೂಂ, ಜನ್ರನ್ನ ನಡ್ಸೋದೇ ನನ್ ಕೆಲ್ಸ. ಇದೂ ಒಂದು ಕೆಲ್ಸಾನಾ ಅಂತ ನೀವು ಬಾಯ್ಬುಟ್ಟು ಕೇಳ್ಲಿಲ್ಲ, ನಿಮ್ ಹುಬ್ಬು ಕೇಳ್ತು. ಕೆಲ್ಸಾನೇ. ಕೈಲಾಂಚದಿಂದ ಕನಕಪುರದ ಕಾಡಂಚುಗಂಟ, ಮೂರು ದಿನದ ಟ್ರೆಕ್. ಡಿಗ್ರಿ ಅರ್ಧಕ್ಕೇ ಬುಟ್ಟೋನಿಗೆ ಇನ್ನೊಂದು ಕೆಲ್ಸಾನೂ ಕಾಯ್ತಾ ಐತೆ: ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದು. "ಇನ್ನೊಂದು ರಗಳೆ ಮನೆಗಂಟ ಬಂದ್ರೆ ಟ್ರೆಕ್ಕೂ ಇಲ್ಲ, ಗಿಕ್ಕೂ ಇಲ್ಲ, ಹುಳದ ಮನೆಗೆ ನಡಿ" ಅಂತ ಅಪ್ಪ ಹೇಳ್ಬುಟ್ಟವ್ನೆ. ಈ ಕಸುಬಲ್ಲಿ ರಗಳೆ ಹುಡುಕ್ಬೇಕಾಗಿಲ್ಲ. ಅದೇ ಶೂ ಹಾಕ್ಕೊಂಡು ಹಿಂದೆ ಬತ್ತದೆ.

ಬಸ್ ತಪ್ತಾ?

ನಮ್ ಕಡೆ ಬೆನ್ನಿಗೆ ಮೂಟೆ ಹೊತ್ಕೊಂಡು ಬಿಸ್ಲಲ್ಲಿ ನಡ್ಯೋರ್ನ ಕಂಡ್ರೆ ಯಾರೂ ಹಂಗೇ ಬುಡಲ್ಲ. ಬೆಂಗ್ಳೂರಿನ ಕಂಪ್ನಿಯೋರ್ನ ಕರ್ಕೊಂಡು ಹೊಂಟಿದ್ದೆ. ಪ್ರಕೃತಿ ಬಗ್ಗೆ ಒಸಿ ಭಾಷಣ ಬಿಗಿದು ಹಿಂದಕ್ಕೆ ತಿರುಗಿದ್ರೆ ಒಬ್ರೂ ಇಲ್ಲ! ಡೇರಿ ಗಾಡಿ ಪಕ್ಕದಲ್ಲೇ ಬುರ್ರಂತ ಹೋಯ್ತು. ಹಾಲಿನ ಕ್ಯಾನ್ ಮಧ್ಯ ಕೂತ್ಕೊಂಡು ನನ್ ಟೀಮು ಟಾಟಾ ಮಾಡ್ತು.

ಕ್ಯಾಂಪಲ್ಲಿ ಮ್ಯಾನೇಜರ್ ಗರಂ. "ನಾವು ಬಂದಿದ್ದೇ ನಡೆಯೋಕೆ!"

"ಮತ್ತೆ ಹತ್ತಿದ್ಯಾಕೆ ಸಾ?"

"ಬಸ್ ತಪ್ತಾ ಅಂತ ಅಷ್ಟು ಪ್ರೀತಿಯಿಂದ ಕೇಳಿದ್ರಲ್ರೀ."

ಡೇರಿ ಗಾಡಿ ಡ್ರೈವರ್ ನನ್ನ ಸೈಡಿಗೆ ಕರ್ದ. "ದೊಡ್ಡ ಕಂಪ್ನಿ ಅಂತೆ ಕಣ್ಲಾ. ಪಾಪ, ಒಂದು ಗಾಡಿ ಕೊಡ್ಸಕ್ಕಾಗಲ್ವಾ ಅವ್ರಿಗೆ?"

ಆನೆ ಎಷ್ಟೊತ್ತಿಗೆ?

ಕಾಡಂಚಲ್ಲಿ ಒಬ್ರ ರಾಗಿ ಹೊಲದ ಪಕ್ಕ ಟೆಂಟ್ ಹಾಕಿದ್ವಿ. ಆನೆ ಓಡ್ಸಿ ಓಡ್ಸಿ ಹೊಲದ ಯಜಮಾನನ ಗಂಟ್ಲೇ ಬಿದ್ದೋಗಿತ್ತು. ನಮ್ ಟೀಮಿನ ಮೇಡಂ ಕೇಳಿದ್ರು, "ಆನೆ ಎಷ್ಟೊತ್ತಿಗೆ ಬರುತ್ತೆ? ನಮಗೆ ನೋಡೋಕೆ ಸಿಗುತ್ತಾ?"

"ನೋಡೋದ್ಯಾಕವ್ವಾ, ಕರ್ಕೊಂಡೇ ಹೋಗಿ. ನಿಮ್ ಅಪಾರ್ಟ್‌ಮೆಂಟಲ್ಲಿ ಪಾರ್ಕಿಂಗ್ ಐತಂತಲ್ಲ."

ಬೋರ್ಡು

ಇನ್ಮೇಲೆ ಎಲ್ಲಾ ಪ್ರೊಫೆಷನಲ್ಲಾಗಿರ್ಬೇಕು ಅಂತ ಬೋರ್ಡ್ ಮಾಡ್ಸಿದೆ. ಚನ್ನಪಟ್ಟಣದ ಗೊಂಬೆ ಮಾಡೋ ಚಾಚಾ ಮರದಲ್ಲಿ ಕೆತ್ತಿ ಬಣ್ಣ ಹಾಕ್ಕೊಟ್ರು. ಬರಹ ನಂದು. ಎಲ್ಲೋ ಕಿವಿಗೆ ಬಿದ್ದಿತ್ತು, ಟ್ರೆಕ್ಕಿಗೆ ಅಂತ್ಲೇ ಹೇಳ್ಮಾಡ್ಸಿದಂಗಿತ್ತು: "ಊರು ಹೋಗು ಅಂತೈತೆ, ಕಾಡು ಬಾ ಅಂತೈತೆ."

ಚಾಚಾ ಎರಡ್ಸಲ ಓದಿದ್ರು. "ಬೇಟಾ, ಇದು ಮನೆ ಮುಂದೆ ಹಾಕ್ತೀಯಾ? ಪಕ್ಕಾ?"

"ಪಕ್ಕಾ."

ಜಗಲೀಲಿ ಇದ್ದಿದ್ದು ಒಂದೇ ಮೊಳೆ, ನಮ್ ತಾತ ಕೂರೋ ಕುರ್ಚಿ ಮೇಲ್ಗಡೆ. ಅಲ್ಲೇ ನೇತಾಕ್ದೆ. ಯಾವನೋ ಪುಣ್ಯಾತ್ಮ ಬೋರ್ಡು, ತಾತ ಎರಡೂ ಸೇರ್ಸಿ ಫೋಟೋ ತೆಗ್ದು ವಾಟ್ಸಾಪಿಗೆ ಬುಟ್ಟ.

ಮಾರ್ನೇ ಬೆಳಿಗ್ಗೆ ಟ್ರೆಕ್ಕಿನ ಹೊಸ ಟೀಮು ಬ್ಯಾಗ್ ಹೊತ್ಕೊಂಡು ಬಂದು ಆಚೆ ನಿಂತಿತ್ತು. ಅಷ್ಟ್ರಲ್ಲಿ ಎದುರು ಮನೆಯವ್ವ ಎಳ್ನೀರು ತಂದು ತಾತನ ಕೈ ಹಿಡ್ಕೊಂಡು ಅತ್ಲು. ಹಿಂದೇನೇ ಬೈರಾಪಟ್ಟಣದ ನಮ್ಮತ್ತೆ "ಅಯ್ಯೋ ನಮ್ಮಪ್ಪಾ" ಅಂತ ಆಟೋದಿಂದ ಬಿದ್ಲು. ಅಷ್ಟೊತ್ತಿಗೆ ತಾತ ಒಳಗೆ ಕೂತು ಮುದ್ದೆ ಮುರೀತಿದ್ದ.

"ಯಾಕವ್ವಾ, ಯಾರೋದ್ರು?"

"ನೀನೇ ಕಣಪ್ಪಾ!"

ಆಗ ಗೊತ್ತಾಯ್ತು. ಅದು ಮಸಣಕ್ಕೆ ಒಂದು ಕಾಲಿಟ್ಟಿರೋ ಮುದುಕ್ರಿಗೆ ಹೇಳೋ ಮಾತಂತೆ.

ಅಪ್ಪ ಬೋರ್ಡ್ ಕಿತ್ಕೊಂಡು ಬಂದು ನನ್ ಮುಂದೆ ಎಸ್ದ. "ಮನೆಗಂಟ ಅಲ್ಲ, ಒಳಕ್ಕೇ ಬಂತು ನಿನ್ ರಗಳೆ. ಆಚೆ ನಿಂತಿರೋ ಆ ಬ್ಯಾಗಿನೋರ್ನ ಬಸ್ ಹತ್ಸು. ಇವತ್ತಿಂದ ನೀನು ಸೊಪ್ಪಿಗೆ."

ತಾತ ನಿಧಾನಕ್ಕೆ ಕೈ ತೊಳ್ಕೊಂಡ. "ಅದ್ರಲ್ಲೇನೈತೆ, ಓದ್ಲಾ."

ಓದ್ದೆ. ಅತ್ತೆ ಇನ್ನೊಂದ್ಸಲ ಗೊಳೋ ಅಂದ್ಲು.

"ಸುಳ್ಳೇನಲ್ವಲ್ಲ. ಹಿಂಗೆ ಊರೂ ಕಾಡೂ ಒಟ್ಗೆ ಹೇಳುವಾಗ ಕೂತಿರಕ್ಕಾಯ್ತದಾ?" ತಾತ ಟವಲ್ ಸುತ್ಕೊಂಡ, ಕೋಲು ತಗೊಂಡ, ಬೋರ್ಡ್‌ನ ಕಂಕುಳಿಗೆ ಸಿಗ್ಸಿದ. "ನಡಿಲಾ, ಮೂರೇ ದಿನ ತಾನೆ?" ಅಂತ ನನ್ನ ಆಚೆಗೆ ತಳ್ದ.

ಅಪ್ಪ ಹಿಂದೇನೇ ಓಡ್ಬಂದ. "ಅಪ್ಪಾ! ಹುಳಕ್ಕೆ ಸೊಪ್ಪು ಹಾಕೋರ್ಯಾರು?"

"ನಿನ್ನ ಕಾಡಿನ್ನೂ ಕರ್ದಿಲ್ಲ ಕಣ್ಲಾ. ನೀನೇ ಹಾಕು" ಅಂದು ತಾತ ಹೊಸ್ಲು ದಾಟಿ ದಢಾರ್ ಅಂತ ಬಾಗ್ಲೆಳ್ಕೊಂಡ.