ಸಾಹೇಬರ ಶೇರ್ವಾನಿ, ನನ್ನ ಓಟ್ಸ್

ಕೆಲವರನ್ನು ಕಂಡರೆ ಬೀದಿನಾಯಿಗಳು ಬೆನ್ನು ಹತ್ತುತ್ತವೆ, ಕೆಲವರನ್ನು ಕಂಡರೆ ಇನ್ಶೂರೆನ್ಸಿನವರು. ನನ್ನನ್ನು ಕಂಡರೆ ಇಂಥ ಪ್ರಸಂಗಗಳೇ ಬೆನ್ನು ಹತ್ತುತ್ತವೆ. ನಾನು ಸೇಡಂ ಕಡೆಯ ಹಳ್ಳಿಯವ. ನನ್ನ ಬೆನ್ನಿಗೆ ಅಖಾಡದ ಮಣ್ಣು ಹಚ್ಚಿದ ಗಂಡಸು ನಮ್ಮ ತಾಲೂಕಿನಾಗ ಇನ್ನೂ ಹುಟ್ಟಿಲ್ಲ. ಇದು ಬಡಾಯಿ ಅಲ್ಲ, ಬೇಕಾದವರು ಹೋಗಿ ಕೇಳಿಕೊಂಡು ಬರಲಿ. ಅಂಥ ನಾನು ಹೈದರಾಬಾದಿಗೆ ಬಂದು, ನಾಚಾರಂದಾಗ ಕಾಕಾನ ಮನೆಯಲ್ಲಿ ಉಳಿದು, ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದೆ. ಹೊರೋದಕ್ಕೆ ಬೇಸರ ಇರಲಿಲ್ಲ. ಹೊರುವಾಗ ನನ್ನ ತೋಳು ನೋಡುವವರು ಯಾರೂ ಇಲ್ಲವಲ್ಲ, ಅದೇ ಬೇಸರ.

ಅಷ್ಟರಲ್ಲಿ ಗಚ್ಚಿಬೌಲಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಜಿಮ್ಮಿಗೆ ಕಸರತ್ತು ಹೇಳಿಕೊಡುವವ ಬೇಕಾಗಿದ್ದಾನೆ ಅಂತ ಗೊತ್ತಾಯಿತು. ಅಲ್ಲಿಯ ಸೆಕ್ರೆಟರಿ ಸಾಹೇಬರು ಹಳೇ ಶಹರದ ಖಾನದಾನಿ ಮನುಷ್ಯ. ಅವರು ನಡೆದುಬಂದರೆ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಅತ್ತರಿನ ವಾಸನೆ, ಕಡೆಗೆ ಸಾಹೇಬರು. ನನ್ನ ತೋಳು ಹಿಚುಕಿ ನೋಡಿದರು. ಕಪಾಟು ತೆರೆದು ಒಂದು ಕೆನೆಬಣ್ಣದ ಶೇರ್ವಾನಿ ತೋರಿಸಿದರು. ಮಗಳ ನಿಕಾಹ್ ಹತ್ತಿರ ಬಂದಿತ್ತು. ದರ್ಜಿ ಅಳತೆ ತೆಗೆಯುವಾಗ ಬೀಗರು ಎದುರಿಗೇ ಕೂತಿದ್ದರಂತೆ. ಇವರು ಮರ್ಯಾದೆಗೆ ಬಿದ್ದು, "ಬಿಗಿಯಾಗೇ ಹೊಲಿ, ಅಷ್ಟರಲ್ಲಿ ಇಳಿಸುತ್ತೇನೆ" ಅಂದುಬಿಟ್ಟಿದ್ದರು. ಈಗ ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು.

"ಪೈಲ್ವಾನ್, ನಿಕಾಹದ ದಿನ ಈ ಗುಂಡಿ ಹಾಕಲಿಕ್ಕೆ ಬಂದರೆ ನಿನ್ನ ನೌಕರಿ ಪಕ್ಕಾ. ಬರದಿದ್ದರೆ ನೀನು ವಾಪಸು ಮೂಟೆಗೆ, ನಾನು ಬೇಗಂ ಕೈಗೆ" ಅಂದರು.

ಹಾಲಿನಲ್ಲೋ, ನೀರಿನಲ್ಲೋ

ಸಾಹೇಬರದು ದಖನಿ ಉರ್ದು. ನನಗೂ ಬರುತ್ತದೆ, ಆದರೆ ಕಿವಿ ಮಾತ್ರ ಕನ್ನಡದ್ದು. ಮೊದಲನೇ ದಿನವೇ ಕೇಳಿದರು: "ಸುಬೇ ಸುಬೇ ಓಟ್ಸ್ ಹೋನಾ ನಾ, ಪೈಲ್ವಾನ್?" ಬೆಳಿಗ್ಗೆ ಎದ್ದು ಓಟ್ಸ್ ಬೇಕಲ್ಲ, ಅಂತ.

ಓಟ್ಸ್ ಅನ್ನೋದನ್ನು ನಾನು ಅಲ್ಲೀತನಕ ಕಂಡವನಲ್ಲ, ಕೇಳಿದವನಲ್ಲ. ನಮ್ಮಲ್ಲಿ ಓಟ ಅಂದರೆ ಓಡೋದು. ಪೈಲ್ವಾನನ ಹತ್ತಿರ ಓಟದ ಮಾತು ಎತ್ತಿದರೆ ಕೇಳಬೇಕೇ. "ಹೋನಾಚ್ ಸಾಬ್, ಬೇಕೇ ಬೇಕು. ಅದಿಲ್ಲದೆ ಹೊಟ್ಟೆ ಇಳಿಯೋದೇ ಇಲ್ಲ" ಅಂದೆ.

"ಹಾಲಿನಲ್ಲೋ, ನೀರಿನಲ್ಲೋ?"

ನಾನು ದಂಗಾದೆ. ಹೈದರಾಬಾದಿನ ಶ್ರೀಮಂತರ ಬಗ್ಗೆ ಏನೇನೋ ಕೇಳಿದ್ದೆ, ಹಾಲಿನಲ್ಲಿ ಓಡುತ್ತಾರೆ ಅಂತ ಮಾತ್ರ ಕೇಳಿರಲಿಲ್ಲ. ಆದರೂ ಸೋಲಬಾರದು. ನಾವು ಹುಡುಗರಾಗಿದ್ದಾಗ ಮೊಣಕಾಲ ಮಟ ನೀರಿರೋ ಹಳ್ಳದಲ್ಲಿ ಓಡಿ ಓಡಿ ತೊಡೆ ಬಲಿಸಿಕೊಂಡವರು. "ನೀರಿನಲ್ಲೇ ಸಾಬ್. ಹಾಲು ಆಮೇಲೆ ಬೇರೆ ಕುಡೀರಿ."

"ಉಪ್ಪು ಹಾಕಬೇಕೇನು?"

ಅಪಾರ್ಟ್‌ಮೆಂಟಿನ ಈಜುಕೊಳ ನನ್ನ ಕಣ್ಣಮುಂದೆ ಬಂತು. "ಬೇಡ ಸಾಬ್, ಅದರಲ್ಲಿ ಮೊದಲೇ ಔಷಧಿ ಹಾಕಿರುತ್ತಾರೆ."

ಸಾಹೇಬರು ಹುಬ್ಬು ಏರಿಸಿದರು. ಕಡೆಗೆ, "ಎಷ್ಟು ತಗೋಬೇಕು?" ಅಂದರು.

"ದಮ್ಮು ಹತ್ತೋತನಕ."

ಅವರ ಮುಖ ಅರಳಿದ್ದು ನೋಡಿ, ಇಂಥ ಛಲದ ಮನುಷ್ಯ ನಮ್ಮ ಅಖಾಡದಲ್ಲೂ ಇಲ್ಲವಲ್ಲ ಅಂತ ಬೆರಗಾದೆ. ಮರುದಿನ ನಸುಕಿನಲ್ಲಿ ಮಕ್ಕಳ ಈಜುಕೊಳದ ದಂಡೆಯ ಮೇಲೆ ಸೀಟಿ ಹಿಡಿದು ನಿಂತೆ. ಸಾಹೇಬರು ಬಂದರು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಚಮಚ. ಅವರು ನನ್ನ ಸೀಟಿ ನೋಡಿದರು, ನಾನು ಅವರ ಚಮಚ ನೋಡಿದೆ. ಓಟ್ಸ್ ಅಂದರೆ ತಿನ್ನೋದು ಅಂತ ನನಗೆ ಹೊಳೆದದ್ದು ಆಗ.

ಪೈಲ್ವಾನ ಪಟ್ಟು ಬಿಡಬಾರದು. "ಮೊದಲು ಓಟ, ಆಮೇಲೆ ಓಟ್ಸ್, ಸಾಬ್. ಅದಕ್ಕೇ ಎರಡಕ್ಕೂ ಒಂದೇ ಹೆಸರು ಇಟ್ಟಾರ" ಅಂದೆ.

ಸಾಹೇಬರು ಬಟ್ಟಲು ದಂಡೆಯ ಮೇಲಿಟ್ಟು ನೀರಿಗೆ ಇಳಿದರು. ಅವರು ಇಳಿದ ಮೇಲೆ ಕೊಳದಲ್ಲಿ ಉಳಿದದ್ದು ಕಡಿಮೆ, ದಂಡೆಗೆ ಬಂದದ್ದೇ ಜಾಸ್ತಿ.

ಕಾಕುನ ರೊಟ್ಟಿ

ಓಟ್ಸ್ ತಿನ್ನೋ ಪದಾರ್ಥ ಅಂತ ತಿಳಿದ ಮೇಲೆ ಅದನ್ನು ನನ್ನ ಕೈವಶ ಮಾಡಿಕೊಳ್ಳಬೇಕಲ್ಲ. ಒಂದು ಡಬ್ಬಿ ತಂದು ಕಾಕಾನ ಹೆಂಡತಿ ಕಾಕುನ ಮುಂದಿಟ್ಟೆ. ನಮ್ಮ ಕಾಕು ಹೈದರಾಬಾದಿಗೆ ಬಂದು ಎಷ್ಟೋ ವರ್ಷ ಆದರೂ ದಿನಾ ಜೋಳದ ರೊಟ್ಟಿ ಬಡಿಯುವಾಕಿ. ಕಾಕಾ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸದವ.

ಕಾಕು ಒಂದು ಚಿಟಿಕೆ ಅಂಗೈಯಲ್ಲಿ ಹಿಡಿದು ನೋಡಿದಳು. "ಏನೋ ಇದು, ಯಾರೋ ಮೊದಲ ತುಳದು ಕೊಟ್ಟಂಗ ಐತಲ್ಲ?"

"ಕುದುರಿ ತಿನ್ನೋ ಕಾಳದು" ಅಂದ ಕಾಕಾ.

"ಹಂಗಿದ್ರ ಇವಗ ಸರಿ ಐತಿ ಬಿಡ್ರಿ" ಅಂದಳು ಕಾಕು.

ಮೊದಲು ನುಚ್ಚಿನ ಹಂಗ ಕುದಿಸಿದಳು. ಹುರಿಯದೆ ಕುದಿಸಿದ್ದಕ್ಕೆ ಅಂಟಂಟಾಗಿ ಗಂಟಲಲ್ಲೇ ಕೂತಿತು. ಎರಡನೇ ಸಲ ಬಾಣಲೆಯಲ್ಲಿ ಬಣ್ಣ ತಿರುಗೋತನಕ ಹುರಿದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಒಗ್ಗರಣೆ ಕೊಟ್ಟು, ನೀರು ಚಿಮುಕಿಸಿ ಮುಚ್ಚಿಟ್ಟಳು. ಮೇಲೆ ಶೇಂಗಾ ಹಿಂಡಿ ಉದುರಿಸಿದಳು. ನಾನು ತಿಂದು ಮತ್ತೆ ತಟ್ಟೆ ಚಾಚಿದೆ. ತುಳಿದು ಬಿಸಾಕಿದ ಕಾಳಿಗೆ ಇಂಥ ರುಚಿ ಬರಬೇಕಾದರೆ ನನ್ನ ಕಾಕುನ ಕೈಯೇ ಆಗಬೇಕು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. "ಕಾಕು, ಇದನ್ನ ಬೀಸಿ ರೊಟ್ಟಿ ಮಾಡಿದ್ರ ಹೆಂಗ?" ಅಂದೆ.

"ನನ್ನ ಕೈಯಾಗ ರೊಟ್ಟಿ ಆಗದ ಹಿಟ್ಟು ಐತೇನು?" ಅಂತ ಕಾಕು ಬಿಸಿನೀರು ಹಾಕಿ ನಾದಿದಳು. ಹಿಟ್ಟು ಬಳೆ ಹಿಡಿಯಿತು, ಪರಾತ ಹಿಡಿಯಿತು, ಹೆಂಚಿಗೆ ಹಾಕಿದ ಮೇಲೆ ಹೆಂಚನ್ನು ಬಿಡಲೇ ಇಲ್ಲ. ಕಾಕು ಸಟ್ಟುಗದಿಂದ ಎಬ್ಬಿಸಿದಳು, ನಾನು ನನ್ನ ಬಲ ಹಾಕಿ ಎಬ್ಬಿಸಿದೆ. ಸಟ್ಟುಗ ಬಾಗಿತು. ನಾನು ಎತ್ತಿ ಒಗೆಯಲಾಗದ ಒಂದೇ ಒಂದು ಎದುರಾಳಿ ಅದು.

ಕಾಕಾ ಕನ್ನಡಕ ಏರಿಸಿ ಹೆಂಚನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಂಡತಿಯ ಕಡೆ ಭಾಳ ಗೌರವದಿಂದ ನೋಡಿ ಅಂದ: "ಇಂಥಾ ವೆಲ್ಡಿಂಗ್ ನಮ್ಮ ಕಾರ್ಖಾನಿಯಾಗ ಇನ್ನೂತನಕ ಯಾರೂ ಹಾಕಿಲ್ಲ ನೋಡು."

ಗೋಧಿ ಬಂದ್

ಓಟದಿಂದ ಸಾಹೇಬರ ಹೊಟ್ಟೆ ಇಳಿಯಲು ಶುರುವಾಗಿತ್ತು. ನಾನು ಗೋಧಿ, ಅಕ್ಕಿ ಬಂದ್ ಮಾಡಿ, ಮೂರು ಹೊತ್ತೂ ಓಟ್ಸ್ ಅಂತ ಹುಕುಂ ಹೊರಡಿಸಿದೆ. ಹುಕುಂ ಹೊರಟಿದ್ದೇ ತಡ, ಇಳಿದ ಹೊಟ್ಟೆ ಮತ್ತೆ ಹತ್ತಿತು. ಶೇರ್ವಾನಿಯ ಗುಂಡಿ ಕಾಜಾದಿಂದ ಮತ್ತೆ ದೂರ ಸರಿಯಿತು. ನನ್ನ ಕಣ್ಣಮುಂದೆ ನಾಚಾರಂದ ಮೂಟೆಗಳು ಸಾಲಾಗಿ ಬಂದು ನಿಂತವು.

"ಸಾಬ್, ಕದ್ದು ತಿನ್ನಾಕತ್ತೀರೇನು?"

"ತೌಬಾ. ಓಟ್ಸ್ ಬಿಟ್ಟು ಬೇರೆ ಮುಟ್ಟಿಲ್ಲ" ಅಂತ ಕಿವಿ ಹಿಡಿದುಕೊಂಡರು. ಸುಳ್ಳು ಹೇಳುವ ಮುಖ ಅದಲ್ಲ.

ನಾನು ನೇರ ಅಡುಗೆಮನೆಗೆ ನುಗ್ಗಿದೆ. ಅವರ ಬಾವರ್ಚಿ ಹಂಡೆಯಂಥ ಡೇಗಿನ ಮುಂದೆ ನಿಂತು, ಒನಕೆಯಂಥ ಕಟ್ಟಿಗೆಯಿಂದ ಏನೋ ಕುಟ್ಟುತ್ತಿದ್ದ. ಕುಟ್ಟುವ ಲಯ ನೋಡಿದರೆ ಅವನೂ ಹಳೇ ಪೈಲ್ವಾನನೇ ಇರಬೇಕು ಅನ್ನಿಸಿತು.

"ಏನು ಮಾಡಾಕತ್ತೀರಿ, ಭಾಯ್?"

"ನಿನ್ನ ಓಟ್ಸ್, ಮಿಯಾ."

"ಇಷ್ಟು ದೊಡ್ಡ ಡೇಗಿನಾಗ?"

"ಹಲೀಮು ಸಣ್ಣ ಪಾತ್ರೆಯಲ್ಲಿ ಆಗೋದಿಲ್ಲ. ನೀನೇ ಹೇಳಿದೆಯಲ್ಲ, ಗೋಧಿ ಬಂದ್, ಓಟ್ಸ್ ಚಾಲೂ. ಗೋಧಿ ತೆಗೆದೆ, ಓಟ್ಸ್ ಹಾಕಿದೆ. ಮಟನ್ನು, ತುಪ್ಪ, ಹುರಿದ ಉಳ್ಳಾಗಡ್ಡಿ ಬಗ್ಗೆ ನೀನು ಏನೂ ಹೇಳಿರಲಿಲ್ಲ. ಹೇಳಿದ್ದಕ್ಕಿಂತ ಒಂದು ಕಾಳು ಹೆಚ್ಚುಕಡಿಮೆ ಮಾಡುವವನಲ್ಲ ನಾನು."

ಬೈಯಬೇಕು ಅಂತ ಬಾಯಿ ತೆರೆದೆ. ಅವನು ಅದರೊಳಗೆ ಒಂದು ಚಮಚ ಇಟ್ಟ. ದೇವರಾಣೆ, ನಾನು ನಮ್ಮೂರ ತುಪ್ಪ ಉಂಡು ಬೆಳೆದವ, ಆದರೆ ನಾಲಿಗೆಯ ಮೇಲೆ ಇಟ್ಟೊಡನೆ ಹೇಳದೆ ಕೇಳದೆ ಕರಗಿಹೋಗುವ ಪದಾರ್ಥವನ್ನು ಅವತ್ತೇ ಕಂಡದ್ದು. ಪರೀಕ್ಷೆ ಪೂರಾ ಆಗಬೇಕಲ್ಲ ಅಂತ ಒಂದು ಬಟ್ಟಲು ತಗೊಂಡೆ. ಪರೀಕ್ಷೆ ವಾರವೆಲ್ಲ ನಡೆಯಿತು.

ವಾರದ ಕೊನೆಗೆ ಸಾಹೇಬರು ತೂಕದ ಯಂತ್ರದಿಂದ ಇಳಿದು, ನನ್ನನ್ನೂ ಅದರ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿದರು. ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ನೀನೂ ಓಟ್ಸ್ ಶುರು ಮಾಡಿದೆಯಾ, ಪೈಲ್ವಾನ್?"

ನಿನ್ನೆಯದಕ್ಕೆ ಇಂಗ್ಲಿಷ್ ಹೆಸರು

ಜಿಮ್ಮಿಗೆ ಮಾದಾಪುರದ ಕಂಪನಿಯೊಂದರ ಇಂಜಿನಿಯರ್ ಮೇಡಂ ಬರುತ್ತಿದ್ದರು. ತೆಲುಗಿನವರು, ಬೆತ್ತದಂಥ ಮೈ. ನಾನು ಎತ್ತುವ ತೂಕ ನೋಡಿ ಅವರು ಬೆರಗಾಗಲಿಲ್ಲ. ಅವರು ಓಡುವ ಮಷಿನ್ನಿನ ಮೇಲೆ ಓಡುತ್ತಲೇ ಫೋನಿನಲ್ಲಿ ಮೀಟಿಂಗ್ ಮುಗಿಸೋದು ನೋಡಿ ನಾನು ಬೆರಗಾದೆ. ಬೆಳಿಗ್ಗೆ ಏನು ತಿನ್ನುತ್ತೀರಿ ಅಂದೆ. ಸಂಜೆಯೇ ಬಾಟಲಿಯಲ್ಲಿ ಓಟ್ಸ್, ಮೊಸರು ಕಲಸಿ ಫ್ರಿಜ್ಜಿನಲ್ಲಿಡಬೇಕು, ಬೆಳಿಗ್ಗೆ ಬಾಳೆಹಣ್ಣು ಹೆಚ್ಚಿ ಹಾಕಿ ತಣ್ಣಗೇ ತಿನ್ನಬೇಕು. ಒಲೆ ಬೇಡ, ಬಾವರ್ಚಿ ಬೇಡ ಅಂದರು. ಬಾವರ್ಚಿ ಬೇಡ ಅನ್ನೋ ಮಾತು ನನ್ನ ಕಿವಿಗೆ ಹಾಲು ಹೊಯ್ದಂತಾಯಿತು.

ಸಾಹೇಬರಿಗೆ ಹೇಳಿದೆ. ಅವರ ಮೂಗು ಮೇಲೇರಿತು. "ಅಂದರೆ ಬಾಸಿ ಖಾನಾ? ನಮ್ಮ ಮನೆಯಲ್ಲಿ ಬೆಕ್ಕು ಕೂಡ ನಿನ್ನೆಯದನ್ನು ಮುಟ್ಟೋದಿಲ್ಲ, ಪೈಲ್ವಾನ್."

ಮರುದಿನ ಮೇಡಂ ಹತ್ತಿರ ಓಡಿಹೋಗಿ, ಇದಕ್ಕೆ ಏನಾದರೂ ಹೆಸರು ಐತೇನ್ರಿ ಅಂತ ಕೇಳಿಕೊಂಡು ಬಂದೆ. "ಸಾಬ್, ಅದು ಬಾಸಿ ಅಲ್ಲ. ಓವರ್‌ನೈಟ್ ಓಟ್ಸ್."

"ಹಾಂ, ಹಾಗೆ ಹೇಳು" ಅಂದರು ಸಾಹೇಬರು. ಅವತ್ತಿಂದ ಬಿಡದೆ ತಿಂದರು. ಎದುರಿಗೆ ನಾನು ಕೂತೇ ತಿನ್ನಿಸಿದೆ. ಹೆಸರು ಬದಲಾದರೆ ಮೂಗು ಇಳಿಯುತ್ತದೆ, ಮೂಗು ಇಳಿದರೆ ಹೊಟ್ಟೆ ಇಳಿಯುತ್ತದೆ! ಇಂಥ ಮಂತ್ರ ನಮ್ಮೂರ ಯಾವ ವಸ್ತಾದನೂ ನನಗೆ ಕಲಿಸಿರಲಿಲ್ಲ.

ಈ ಮಂತ್ರ ಬಾಗಿಲ ಹಿಂದೆ ನಿಂತ ಬೇಗಂ ಸಾಹಿಬಾ ಕಿವಿಗೂ ಬಿತ್ತು. ಆ ಶುಕ್ರವಾರ ಊಟಕ್ಕೆ ಕೂತ ಸಾಹೇಬರು ತಟ್ಟೆ ಮೂಸಿ, "ಇದು ನಿನ್ನೆಯ ದಾಲ್ ಅಲ್ಲವೇ?" ಅಂದರು.

ಬೇಗಂ ಸಾಹಿಬಾ ಇನ್ನೊಂದು ಸೌಟು ಬಡಿಸಿದರು. "ಓವರ್‌ನೈಟ್ ದಾಲ್."

ಹೊಟ್ಟೆ ಕಟ್ಟಿದ ದಿನ

ನಿಕಾಹ್ ಹತ್ತಿರವಾದಾಗ ಗುಂಡಿ ಕಾಜಾಕ್ಕೆ ಸಲೀಸಾಗಿ ಬಂತು. ನನ್ನ ನೌಕರಿ ಪಕ್ಕಾ ಅಂತ ಮೀಸೆ ತಿರುವಿದೆ. ಆದರೆ ಸಾಹೇಬರು ನಿಲ್ಲಲಿಲ್ಲ. ಓಟದ ರುಚಿ ಹತ್ತಿತ್ತು, ಓಟ್ಸಿನ ರುಚಿಯೂ ಹತ್ತಿತ್ತು. ನಿಕಾಹದ ದಿನ ಶೇರ್ವಾನಿ ಹಾಕಿಕೊಂಡು ನಿಂತರೆ, ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು.

ಬೇಗಂ ಸಾಹಿಬಾ ಹಣೆ ಹಿಡಿದುಕೊಂಡು ನನ್ನನ್ನು ಕರೆಸಿದರು. "ಮಗಳ ಮದುವೆಯಲ್ಲಿ ಅಪ್ಪ ಹೀಗೆ ಬಾಡಿದ್ದರೆ ಜನ ಏನಂದಾರು? ರೋಗ ಅಂದಾರು, ಇಲ್ಲಾ ಬೀಗರು ಹಿಂಡಿದರು ಅಂದಾರು. ಕೇಳಿಲ್ಲಿ. ಬಂದವರಲ್ಲಿ ಒಬ್ಬರಾದರೂ 'ಸಾಹೇಬರಿಗೆ ಶುಗರ್ ಬಂತಾ' ಅಂತ ಕೇಳಿದರೆ, ನಾಳೆಯಿಂದ ಜಿಮ್ಮಿನ ಮೆಟ್ಟಿಲು ಹತ್ತಬೇಡ."

ಇಷ್ಟು ದಿನ ಹೊಟ್ಟೆ ಇಳಿಸಲಿಕ್ಕೆ ಒದ್ದಾಡಿದವ, ಈಗ ಅತ್ತರು ಹಚ್ಚುವಷ್ಟರಲ್ಲಿ ಹೊಟ್ಟೆ ಬರಿಸಬೇಕು. ಆದರೆ ಲಂಗೋಟಿ ಬಿಗಿಯೋದು ಗೊತ್ತಿದ್ದವನಿಗೆ ಹೊಟ್ಟೆ ಕಟ್ಟೋದು ಯಾವ ಲೆಕ್ಕ. ದಪ್ಪ ಟವೆಲ್ಲುಗಳನ್ನು ಮಡಚಿ ಸಾಹೇಬರ ನಡುವಿಗೆ ಇಟ್ಟು, ಮೇಲೆ ಉದ್ದನೆಯ ದುಪಟ್ಟಾ ಸುತ್ತಿ, ಪೈಲ್ವಾನಿ ಗಂಟು ಹಾಕಿದೆ. ಬೇಗಂ ಸಾಹಿಬಾ ದೂರ ನಿಂತು ನೋಡಿದರು. "ಸ್ವಲ್ಪ ಎಡಕ್ಕೆ. ಇವರದು ಎಡಕ್ಕೆ ವಾಲಿತ್ತು." ಸರಿಸಿದೆ. ಹಳೇ ಹೊಟ್ಟೆ ಎದ್ದು ಬಂತು. ಶೇರ್ವಾನಿಯ ಗುಂಡಿ ಬಿಗಿಯಾಗಿ ಕೂತಿತು.

ಶಾದಿಖಾನೆಯಲ್ಲಿ ನಾನು ಒಂದು ಕಂಬಕ್ಕೆ ಒರಗಿ, ಬಂದವರ ಬಾಯಿಯನ್ನೇ ನೋಡುತ್ತ ನಿಂತೆ. ಎಲ್ಲರೂ "ಮಾಷಾ ಅಲ್ಲಾ" ಅಂದರು, ಶುಗರ್ ಅನ್ನಲಿಲ್ಲ. ಕಡೆಗೆ ಬೀಗರು ಬಂದರು, ವರನ ತಂದೆ. ಸಾಹೇಬರಷ್ಟೇ ಭರ್ಜರಿ ಹೊಟ್ಟೆ. ಇಬ್ಬರೂ ಅಪ್ಪಿಕೊಂಡರು, ಈ ಹೆಗಲು, ಆ ಹೆಗಲು, ಮತ್ತೆ ಈ ಹೆಗಲು. ಅಲ್ಲಿಗೆ ಬಿಡಬೇಕಲ್ಲ. ಬಿಡಲಿಲ್ಲ. ಬೀಗರು ಸಾಹೇಬರ ಕಿವಿಯಲ್ಲಿ ಏನೋ ಅಂದರು. ಸಾಹೇಬರ ಕಣ್ಣು ಅಗಲವಾದವು. ಇನ್ನೂ ಬಿಗಿಯಾಗಿ ಅಪ್ಪಿಕೊಂಡರು.

ನಾನು ಕಂಬ ಬಿಟ್ಟು ನೆಟ್ಟಗೆ ನಿಂತೆ. ಟವೆಲ್ಲು ಕೈಗೆ ಸಿಕ್ಕಿರಬೇಕು, ಶುಗರ್ ಮಾತು ಬಂದೇಬಂತು. ಫೋಟೋದವನು ಪಟಪಟ ಫೋಟೋ ಹೊಡೆಯುತ್ತಿದ್ದ. ಸುತ್ತಲಿನವರು, ಇಂಥ ಮೊಹಬ್ಬತ್ತಿನ ಬೀಗರನ್ನು ಹೈದರಾಬಾದಿನಲ್ಲಿ ಕಂಡಿಲ್ಲ ಅಂತ ತಲೆದೂಗುತ್ತಿದ್ದರು. ಹೆಂಗಸರ ಕಡೆ ಯಾರೋ ಕಣ್ಣೊರೆಸಿಕೊಂಡರು. ಸಾಹೇಬರು ಬೀಗರ ಹೆಗಲ ಮೇಲಿಂದ ನನಗೆ ಹುಬ್ಬಿನಲ್ಲೇ ಸನ್ನೆ ಮಾಡಿದರು. ಕಾಲೆಳೆದುಕೊಂಡು ಹೋದೆ.

"ಪೈಲ್ವಾನ್," ಸಾಹೇಬರು ತುಟಿ ಅಲ್ಲಾಡಿಸದೆ ಹೇಳಿದರು, "ಇವರೂ ಹಿಟ್ಟಿಲ್ಲ, ಅನ್ನವಿಲ್ಲ ಅಂತ ಪಥ್ಯ ಮಾಡಿ ನನ್ನ ಹಾಗೇ ಒಣಗಿದ್ದಾರೆ. ಇವರ ಮನೆಯವರೂ ಟವೆಲ್ಲು ಕಟ್ಟಿ ಕಳಿಸಿದ್ದಾರೆ. ಗಂಟು ಸಡಿಲಾಗಿ ಹೊಟ್ಟೆ ತೊಡೆಗೆ ಇಳಿಯುತ್ತಿದೆ. ನಾನು ಬಿಟ್ಟರೆ ಬೀಳುತ್ತದೆ. ಏನಾದರೂ ಮಾಡು."

ಅಪ್ಪಿಕೊಂಡವರನ್ನು ಅಪ್ಪಿಕೊಂಡ ಹಾಗೇ, ಜೋಡೆತ್ತು ಹೊಡೆದುಕೊಂಡು ಹೋದಂತೆ ಮಗ್ಗುಲ ಕೋಣೆಗೆ ನಡೆಸಿಕೊಂಡು ಹೋದೆ. ಬಾಗಿಲು ಹಾಕಿ, ಬೀಗರ ಹೊಟ್ಟೆಯನ್ನು ಅದರ ಜಾಗಕ್ಕೆ ಏರಿಸಿ, ನನ್ನ ಗಂಟು ಹಾಕಿ ಬಿಗಿದೆ. ಅವರು ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು, ಒಂದು ಸಲ ಕುಣಿದೂ ನೋಡಿದರು. ಅಲುಗಲಿಲ್ಲ. ನನ್ನ ತೋಳು ಹಿಚುಕಿ, ಸಾಹೇಬರ ಕಡೆ ತಿರುಗಿ, "ಬೀಗರೇ, ಈ ಹುಡುಗನನ್ನು ನಮ್ಮ ಮನೆಗೆ ಕೊಟ್ಟುಬಿಡಿ" ಅಂದರು.

ಸಾಹೇಬರು ಶೇರ್ವಾನಿಯ ಮೇಲಿನ ಗುಂಡಿ ಸರಿಮಾಡಿಕೊಂಡರು. "ಮಗಳನ್ನು ಕೊಡುತ್ತಿದ್ದೇನಲ್ಲ, ಮಿಯಾ. ಇವನನ್ನು ಮಾತ್ರ ಕೇಳಬೇಡಿ. ಇವನ ನೌಕರಿ ನಮ್ಮಲ್ಲಿ ಪಕ್ಕಾ ಆಗಿಹೋಗಿದೆ."